ಸೋಪಿನ ಡಬ್ಬಿಯಲ್ಲಿ ಹಿಡಿಯುವ ಗಾಳ

ಕೊಡೆ ಕಾರ್ಖಾನೆಯ ಕಡ್ಡಿ ವಿಭಾಗದವರಿಗೆ ಮಂಜೂರಾಗಿದ್ದ ವರ್ಷದ ರಜೆಯನ್ನು, ಅವರು ಹೊರಡಬೇಕಾದ ಹಿಂದಿನ ದಿನ ಮಧ್ಯಾಹ್ನ, ಸೂಪರ್‌ವೈಸರ್ ರದ್ದು ಮಾಡಿದರು.

ರದ್ದು ಮಾಡುವಾಗ ಅವರು ಒಂದು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದರು. “ಮಳೆಗಾಲ ಬಾಗಿಲಿಗೆ ಬಂತು. ಇಡೀ ಊರು ನಮ್ಮ ಕೊಡೆ ನಂಬಿಕೊಂಡು ಕೂತಿದೆ. ಇಂಥ ಹೊತ್ತಲ್ಲಿ ರಜೆ ಕೇಳೋದಕ್ಕೆ ನಿಮಗೆ ಬಾಯಾದರೂ ಹೇಗೆ ಬರುತ್ತೆ?” ಎಂದರು. ಆ ಹೊತ್ತಿನಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದೂ ಆಗಿತ್ತು, ಕೊಟ್ಟದ್ದೂ ಆಗಿತ್ತು, ಮನೆಗಳಲ್ಲಿ ಚೀಲ ಕಟ್ಟಿದ್ದೂ ಆಗಿತ್ತು. ಊರಿನ ಮಳೆಯೆಲ್ಲ ಕಡ್ಡಿ ವಿಭಾಗದ ತಲೆಯ ಮೇಲೇ ಸುರಿಯುವುದಿತ್ತೆಂದು ಕಾಣುತ್ತದೆ; ಆಫೀಸಿನವರ ರಜೆಗೆ ಒಂದು ಹನಿಯೂ ತಾಗಲಿಲ್ಲ.

ಕೊಡೆ ಬಿಚ್ಚುವ ಗುಂಡಿಗೆ ಸ್ಪ್ರಿಂಗ್ ಕೂರಿಸುವ ಹಿರಿಯ ಹೆಂಗಸು, ಎಲ್ಲರ ಬಾಯಲ್ಲೂ ಸ್ಪ್ರಿಂಗಕ್ಕ, ಮುಂದೆ ಬಂದು, “ಸಾರ್, ನನ್ನ ಮಗಳು ಹೆತ್ತು ಮಗು ಆಗಲೇ ಬೋರಲು ಬೀಳ್ತಾ ಇದೆ. ನಾನಿನ್ನೂ ಅದರ ಮುಖ ನೋಡಿಲ್ಲ,” ಎಂದಳು.

“ಮಗು ಎಲ್ಲಿಗಮ್ಮ ಓಡಿಹೋಗುತ್ತೆ? ಅದಕ್ಕಿನ್ನೂ ನಡೆಯೋಕೇ ಬರಲ್ಲ,” ಎಂದು ಹೇಳಿ ಸೂಪರ್‌ವೈಸರ್ ಸ್ಟೂಲಿನಿಂದ ಇಳಿದರು. ಇಳಿಯುವಾಗ ಅವರ ಕೈ ಹಿಡಿದುಕೊಂಡವನು ನಮ್ಮ ಮೂರುಮಡಿಕೆ.

ಮೂರುಮಡಿಕೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕೈಚೀಲದಲ್ಲಿ ಹಿಡಿಯುವ ಮೂರು ಮಡಿಕೆಯ ಕೊಡೆಗೆ ಕಡ್ಡಿ ಜೋಡಿಸುವುದು ಅವನ ಕೆಲಸ. ಅದರ ಮೇಲೆ ಆಳು ವಿಪರೀತ ಉದ್ದ. ಬಾಗಿಲು ಕಂಡಲ್ಲೆಲ್ಲ ಕುತ್ತಿಗೆ, ಸೊಂಟ, ಮಂಡಿ ಮೂರನ್ನೂ ಮಡಿಸಿಕೊಂಡೇ ಒಳಗೆ ಬರುವವನು. ಹೀಗಾಗಿ ಹೆಸರು ಅಂಟಿಕೊಂಡಿತು, ಅಂಟಿದ್ದನ್ನು ಕಿತ್ತು ಹಾಕುವಷ್ಟು ಜಗಳಗಂಟನೂ ಅವನಲ್ಲ. ರಜೆ ಹೋದದ್ದಕ್ಕಿಂತ, ಹೋಯಿತೆಂದು ಮನೆಯಲ್ಲಿ ಹೇಳಬೇಕಲ್ಲ ಎಂಬುದೇ ದಾರಿಯುದ್ದಕ್ಕೂ ಅವನ ಚಿಂತೆ.

ಮನೆಯಲ್ಲಿ ಪ್ರಯಾಣ ಆಗಲೇ ಅರ್ಧ ಮುಗಿದಿತ್ತು. ಬಾಗಿಲ ಪಕ್ಕದಲ್ಲಿ ಚೀಲ. ಚೀಲದ ಪಕ್ಕದಲ್ಲಿ, ಹೊಸ ಚಪ್ಪಲಿ ಮೆಟ್ಟಿಕೊಂಡು ಕುರ್ಚಿಯ ಮೇಲೆ ಅತ್ತೆ. ಬೆಟ್ಟದ ಬುಡದ ನದಿಯ ಊರಿಗೆ ಹೋಗುತ್ತೇವೆಂದು ಅವರು ಕಟ್ಟಡದ ಪ್ರತಿಯೊಂದು ಮಹಡಿಗೂ ಹೋಗಿ ಹೇಳಿ ಬಂದಿದ್ದರು. ಮನೆಯಲ್ಲಿ ಯಾರೂ ಇಲ್ಲದಿದ್ದ ಕಡೆ ಬೀಗಕ್ಕೆ ಹೇಳಿ ಬಂದಿದ್ದರು ಎನ್ನುವವರೂ ಇದ್ದಾರೆ. ಇಸ್ತ್ರಿ ಅಂಗಡಿಯಲ್ಲಿ ಊರವರ ಬಟ್ಟೆಯ ಸುಕ್ಕು ತೆಗೆದು ತೆಗೆದು ಬೆನ್ನು ಸುಕ್ಕುಗಟ್ಟಿಸಿಕೊಂಡ ಹೆಂಡತಿ, ಮದುವೆಯಾದ ಮೇಲೆ ಮೊದಲ ಸಲ ಹಾಡು ಗುನುಗುತ್ತಿದ್ದಳು.

“ಬೆಳಿಗ್ಗೆ ಬಸ್ಸು ಬೇಗ ಇದೆ ತಾನೆ?” ಎಂದಳು.

ಮೂರುಮಡಿಕೆ ರಜೆ ರದ್ದಾಯಿತು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಪಾತ್ರೆಯ ಗೂಡಿಗೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯ ಮೇಲೆ ಬಿತ್ತು. ಟೋಪಿ ಹಾಕಿಕೊಂಡವನೊಬ್ಬ ಮೊಣಕಾಲುದ್ದ ನೀರಿನಲ್ಲಿ ನಿಂತು ಉದ್ದನೆಯ ದಾರವನ್ನು ಗಾಳಿಯಲ್ಲಿ ಬೀಸುತ್ತಿದ್ದ. ಕೆಳಗೆ, “ಪ್ರವಾಸಿಗರಿಗಾಗಿ: ಜೇಬಿನಲ್ಲಿ ಹಿಡಿಯುವ ಹಗುರ ಗಾಳ” ಎಂದಿತ್ತು. ಬಾಯಿ ಹೇಗೂ ತೆರೆದಿತ್ತು, ಅದರೊಳಗಿಂದ ಮಾತು ತಾನಾಗಿ ಹೊರಗೆ ಬಂತು.

“ಹೋಗೋದೇನೋ ಹೋಗೋದೇ. ಆದರೆ ಗಾಳ ಇನ್ನೂ ಸಿದ್ಧ ಆಗಿಲ್ಲ. ರಜೆ ಸ್ವಲ್ಪ ಮುಂದಕ್ಕೆ ಹಾಕಿಸಿಕೊಂಡೆ.”

“ಯಾವ ಗಾಳ?”

“ಮೀನಿನ ಗಾಳ. ನದಿಗೆ ಹೋಗಿ ಗಾಳ ಇಲ್ಲದೆ ಕೂತರೆ ನೋಡಿದವರು ಏನಂದಾರು?”

ಹೆಂಡತಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅಷ್ಟು ಉದ್ದವನ್ನು ನೋಡಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ. “ನೀವು ಯಾವತ್ತು ಮೀನು ಹಿಡಿದಿದ್ರಿ? ತಟ್ಟೆಗೆ ಹಾಕಿದ್ದನ್ನೇ ಮುಳ್ಳು ಸಿಕ್ಕಿಸಿಕೊಂಡು ತಿನ್ನೋರು.”

“ಆ ಮೀನೇ ಬೇರೆ, ಈ ಮೀನೇ ಬೇರೆ,” ಎಂದು ಮೂರುಮಡಿಕೆ ಗಂಭೀರವಾಗಿ ಹೇಳಿ, ಪಾತ್ರೆಗಳನ್ನು ಎತ್ತಿಟ್ಟು ಹಾಳೆಯನ್ನು ಹೊರಗೆಳೆದುಕೊಂಡ. ಅತ್ತೆ ಚಪ್ಪಲಿ ಕಳಚಿ ಚೀಲದ ಮೇಲಿಟ್ಟರು.

ಹೇಳಿದ ಮೇಲೆ ಮಾಡಬೇಕಲ್ಲ. ಮೂರುಮಡಿಕೆ ಹಾಳೆಯನ್ನು ಓದಿದ. ಬೇರೆ ಗಾಳದಲ್ಲಿ ತುದಿಗೆ ಕಟ್ಟಿದ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಈ ಗಾಳದಲ್ಲಿ ತುದಿಗೆ ಭಾರವೇ ಇಲ್ಲ. ದಾರವೇ ಭಾರ, ಅದು ಬೀಸಿದಂತೆ ತುದಿ ಹಾರುತ್ತದೆ. ತುದಿಯಲ್ಲಿ ಇರುವುದು ನಿಜವಾದ ಹುಳವೂ ಅಲ್ಲ. ಚಿಕ್ಕ ಕೊಕ್ಕೆಗೆ ಪುಕ್ಕ, ಕೂದಲು, ಬಣ್ಣದ ದಾರ ಸುತ್ತಿ ಹುಳದ ವೇಷ ಹಾಕಿಸಿದ ಹುಸಿಹುಳ. ಅದು ನೀರಿನ ಮೇಲೆ ಕೂತರೆ ಮೀನು ಮೋಸ ಹೋಗಿ ಕಚ್ಚುತ್ತದೆ. ಇಷ್ಟು ಓದಿ ಮುಗಿಸಿದಾಗ ಮೂರುಮಡಿಕೆಗೆ ಮೀನಿನ ಬಗ್ಗೆ ಒಂದು ಬಗೆಯ ಆತ್ಮೀಯತೆ ಹುಟ್ಟಿತು.

ಕೋಲಿಗೆ ಅವನು ಊರೂರು ಅಲೆಯಬೇಕಾಗಿರಲಿಲ್ಲ. ಕಾರ್ಖಾನೆಯ ಕಸದ ಬುಟ್ಟಿಯಲ್ಲಿ ಬಣ್ಣ ಕೆಟ್ಟ ಫೈಬರ್ ಕಡ್ಡಿಗಳು ರಾಶಿ ಬಿದ್ದಿದ್ದವು. ಬಾಗಿಸಿದರೆ ಬಾಗುತ್ತವೆ, ಬಿಟ್ಟರೆ ನೆಟ್ಟಗಾಗುತ್ತವೆ. ಅವುಗಳನ್ನು ತುಂಡು ಮಾಡಿ, ತುಂಡಿನ ತುದಿಗೆ ಹಿತ್ತಾಳೆಯ ಚಿಕ್ಕ ಕೊಳವೆ ಕೂರಿಸಿ, ಒಂದರೊಳಗೊಂದು ಸಿಕ್ಕಿಸಿದರೆ ಕೋಲು. ಬಿಚ್ಚಿದರೆ ಮಡಿಸಿದ ಕೊಡೆಯ ಚೀಲದೊಳಗೆ ಎಲ್ಲವೂ ಮಾಯ. ಗಾಳದ ದಾರ ಸುತ್ತಲು ಹೊಲಿಗೆ ನೂಲಿನ ಖಾಲಿ ಉರುಳೆ. ಹುಸಿಹುಳಗಳಿಗೆ ಸೋಪಿನ ಡಬ್ಬಿ.

ಮೊದಲ ಗಾಳ ಮುಗಿದ ಸಂಜೆ ಹೆಂಡತಿ, “ಸರಿ, ನಾಳೆ ಹೊರಡೋಣ್ವಾ?” ಎಂದಳು.

ಮೂರುಮಡಿಕೆ ಅದನ್ನು ಕೈಯಲ್ಲಿ ತೂಗಿ ನೋಡಿ ತಲೆ ಅಲ್ಲಾಡಿಸಿದ. “ಭಾರ ಆಯ್ತು.”

“ಇದಾ? ಇದು ನನ್ನ ಸೌಟಿಗಿಂತ ಹಗುರ ಇದೆಯಲ್ಲ!”

“ಸೌಟು ತಗೊಂಡು ಪ್ರಯಾಣ ಹೋಗ್ತಾರಾ?”

ಅವನು ಮತ್ತೆ ಕೂತು ಕೊಳವೆ ಸವೆಸಿದ, ಉರುಳೆಗೆ ತೂತು ಕೊರೆದ, ಡಬ್ಬಿಯ ಮುಚ್ಚಳದ ಅಂಚು ಕೆರೆದ. ಹಗುರವಾದಷ್ಟೂ ಅದರಲ್ಲಿ ಹಗುರ ಮಾಡಲು ಇನ್ನೇನೋ ಉಳಿದೇ ಇರುತ್ತಿತ್ತು. ಹಗಲು ಕಡ್ಡಿ ವಿಭಾಗದಲ್ಲಿ ಇತರರ ಕೊಡೆ ಮಡಿಸಿ, ಸಂಜೆ ಮನೆಯಲ್ಲಿ ತನ್ನ ಸುಳ್ಳನ್ನು ಮಡಿಸಿ ಮಡಿಸಿ ಚಿಕ್ಕದು ಮಾಡುತ್ತಿದ್ದ.

ತೊಂದರೆ ಬಂದದ್ದು ಈ ಚಿಕ್ಕದರಿಂದಲೇ. ಉದ್ದನೆಯ ಬಿದಿರು ಹೆಗಲಿಗೇರಿಸಿ ಹೋಗುವವನನ್ನು ಕಂಡರೆ ಕುರುಡನೂ ಮೀನು ಹಿಡಿಯುವವನು ಎಂದಾನು. ಸೋಪಿನ ಡಬ್ಬಿಯನ್ನು ಎದೆಗೆ ಅವಚಿಕೊಂಡು ಓಡಾಡುವವನನ್ನು ಕಂಡರೆ ಏನೆನ್ನಬೇಕು?

ಮೊದಲು ಅವನು ಕೋಳಿ ಅಂಗಡಿಗೆ ಹೋದ. “ಕರಿ ಹುಂಜದ ಕತ್ತಿನ ಪುಕ್ಕ ಬೇಕಾಗಿತ್ತು. ಕೋಳಿ ಬೇಡ,” ಎಂದ. ಅಂಗಡಿಯವನು ಕತ್ತಿ ಕೆಳಗಿಟ್ಟು, ಇನ್ನೇನೂ ಕೇಳದೆ ಪೊಟ್ಟಣ ಕಟ್ಟಿ ಕೊಟ್ಟ. ಕೋಳಿ ಬೇಡ ಎಂದು ಹೇಳಿದ ಗಿರಾಕಿಯನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಕ್ಷೌರದಂಗಡಿ. ಇಲ್ಲಿ ಮೂರುಮಡಿಕೆ ತನ್ನ ಜೀವನದ ದೊಡ್ಡ ತಪ್ಪು ಮಾಡಿದ. ಮಾಡುವಾಗ ಎಂದಿನಂತೆ ಅವನ ಮನಸ್ಸು ತಿಳಿನೀರಿನ ಹಾಗಿತ್ತು. ಹುಸಿಹುಳಕ್ಕೆ ತುಕ್ಕಿನ ಬಣ್ಣದ ಒರಟು ಕೂದಲು ಬೇಕೆಂದು ಹಾಳೆಯಲ್ಲಿತ್ತು. ಯಾವ ಪ್ರಾಣಿಯದೆಂದು ಇದ್ದ ಕಡೆ ಹಿಂದೊಮ್ಮೆ ಎಣ್ಣೆಯ ಪಾತ್ರೆ ಇಟ್ಟಿದ್ದರಿಂದ ಅಕ್ಷರ ಅಳಿಸಿಹೋಗಿತ್ತು. ಅಂಗಡಿಯ ಕುರ್ಚಿಯಿಂದ ಆಗಷ್ಟೇ ಎದ್ದು ಹೋದವರು ಸೂಪರ್‌ವೈಸರ್. ಅವರು ಹಚ್ಚುತ್ತಿದ್ದ ಬಣ್ಣ ಡಬ್ಬಿಯ ಮೇಲೆ ಕಪ್ಪು, ತಲೆಯ ಮೇಲೆ ಹಳೆಯ ಮೊಳೆಯ ತುಕ್ಕು. ನೆಲದ ಮೇಲೆ ಬಿದ್ದಿದ್ದ ಆ ಚೂರುಗಳನ್ನು ಕಂಡು ಮೂರುಮಡಿಕೆಯ ಕಣ್ಣು ಅರಳಿತು.

“ಅಣ್ಣಾ, ಈ ಕೂದಲು ಗುಡಿಸಿ ಏನು ಮಾಡ್ತೀರಿ?”

“ಒಣಗಿಸಿ ಉಪ್ಪಿನಕಾಯಿ ಹಾಕ್ತೀನಿ. ಯಾಕಪ್ಪಾ?” ಎಂದ ಕ್ಷೌರಿಕ.

“ನನಗೆ ಒಂದು ಚಿಟಿಕೆ ಬೇಕಾಗಿತ್ತು.”

“ತಗೋ ಮಾರಾಯ, ಮೂಲೆಯಲ್ಲಿ ಒಂದು ದಿಂಬಿಗಾಗೋಷ್ಟು ಬಿದ್ದಿದೆ.”

“ಅದು ಬೆರಕೆ. ನನಗೆ ಸೂಪರ್‌ವೈಸರದ್ದು ಮಾತ್ರ ಬೇಕು.”

ಕ್ಷೌರಿಕನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. “ಅವರದ್ದೇ ಯಾಕೆ?”

“ಅವರದ್ದಾದರೆ ಬೇಗ ಕಚ್ಚುತ್ತೆ ಅಂತ ಅನ್ನಿಸುತ್ತೆ.”

“ಏನು ಕಚ್ಚುತ್ತೆ?”

“ಅದು ನೀರಿಗೆ ಬಿಟ್ಟ ಮೇಲೆ ಗೊತ್ತಾಗೋದು,” ಎಂದು ಮೂರುಮಡಿಕೆ ಪ್ರಾಮಾಣಿಕವಾಗಿ ಹೇಳಿದ. ನದಿಯಲ್ಲಿ ಯಾವ ಮೀನಿದೆಯೆಂದು ಅವನಿಗೆ ನಿಜವಾಗಿ ಗೊತ್ತಿರಲಿಲ್ಲ.

ಕ್ಷೌರಿಕ ಕೂದಲನ್ನು ಕಾಗದದಲ್ಲಿ ಸುತ್ತಿ, ಕೈಗೆ ಕೊಡದೆ, ಸ್ಟೂಲಿನ ಮೇಲಿಟ್ಟು ಹಿಂದೆ ಸರಿದ. ಆಮೇಲೆ ಕುರ್ಚಿಗೆ ಬಂದು ಕೂತವರಿಗೆಲ್ಲ ಕತ್ತರಿಯ ಸದ್ದಿನ ಜೊತೆ ಈ ಸುದ್ದಿಯೂ ಕಿವಿಗೆ ಬಿತ್ತು. ಕುತ್ತಿಗೆಗೆ ಬಟ್ಟೆ ಕಟ್ಟಿ ಕೂರಿಸಿದ ಮನುಷ್ಯ ಎದ್ದು ಹೋಗುವಂತಿಲ್ಲ, ಕೇಳಲೇಬೇಕು.

ಮನೆಯಲ್ಲಿ ಬಚ್ಚಲಿಗೆ ಹೊರಟ ಅತ್ತೆ ಸೋಪು ಹುಡುಕುತ್ತ ಆ ಡಬ್ಬಿಯನ್ನೇ ತೆಗೆದರು. ಅವರು ಹಾಕಿದ ಕೂಗಿಗೆ ಕೆಳಮನೆಯವರು ಎರಡೆರಡು ಮೆಟ್ಟಿಲು ಹಾರಿ ಬಂದರು. ಕೆಳಮನೆಯವರೆಂದರೆ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೇರೆಯವರ ವಿಚಾರಣೆ ಬರೆದೂ ಬರೆದೂ, ತಾವೇ ಒಂದು ವಿಚಾರಣೆ ನಡೆಸಬೇಕೆಂಬ ಆಸೆ ಅವರಿಗೆ ಉಳಿದುಬಿಟ್ಟಿತ್ತು.

ಅವರು ಒಂದು ಹುಸಿಹುಳವನ್ನು ಪೆನ್ನಿನ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. “ಕಬ್ಬಿಣದ ಕೊಕ್ಕೆ. ಕರಿ ಹುಂಜದ ಪುಕ್ಕ. ಕೆಂಪು ದಾರ. ಮನುಷ್ಯರ ಕೂದಲು. ಇಷ್ಟೂ ಒಂದೇ ಕಡೆ ಬಿಗಿದು ಕಟ್ಟಿದೆ. ಏನಪ್ಪಾ ಇದು?”

“ಮೀನು ಹಿಡಿಯೋದು, ಯಜಮಾನರೇ.”

“ಮೀನು ಏನು ತಿನ್ನುತ್ತೆ?”

“ಹುಳ.”

“ಇದು ಹುಳವೋ?”

“ಅಲ್ಲ. ಹುಳ ಅಂತ ಅದಕ್ಕೆ ಅನ್ನಿಸಬೇಕು.”

“ಕೋಲು ಎಲ್ಲಿ?”

ಮೂರುಮಡಿಕೆ ಕೊಡೆಯ ಚೀಲ ತಂದು ಕೊಟ್ಟ.

“ಇದು ಕೊಡೆ.”

“ಒಳಗೆ ಕೋಲಿದೆ.”

ಗುಮಾಸ್ತರು ಚೀಲವನ್ನು ಅಂಗೈಯಲ್ಲಿ ತೂಗಿದರು. “ಒಳಗೆ ಏನೂ ಇಲ್ಲ. ತೂಕವೇ ಇಲ್ಲ.”

“ಅದೇ ಅದರ ವಿಶೇಷ,” ಎಂದ ಮೂರುಮಡಿಕೆ. ಅಷ್ಟು ದಿನದಲ್ಲಿ ಅವನಿಗೆ ಸಿಕ್ಕ ಮೊದಲ ಹೊಗಳಿಕೆ ಅದು, ಮುಖ ತುಂಬ ನಕ್ಕ.

ಆ ನಗುವನ್ನು ನೋಡಿ ಗುಮಾಸ್ತರು ಒಂದು ಹೆಜ್ಜೆ ಹಿಂದೆ ಇಟ್ಟರು. “ಹತ್ತಿರದಲ್ಲಿ ನೀರಿಲ್ಲ. ಮನೆಯಲ್ಲಿ ಮೀನಿಲ್ಲ. ಕೋಲಿಗೆ ತೂಕ ಇಲ್ಲ. ಆದರೆ ಕೂದಲು ಮಾತ್ರ ಇದೆ, ಅದೂ ಯಾರದ್ದು ಅಂತ ಇಡೀ ಬೀದಿಗೆ ಗೊತ್ತು. ಇದು ಮಾಟ ಅಲ್ಲದೆ ಇನ್ನೇನು?” ಎಂದು ತೀರ್ಪು ಕೊಟ್ಟು ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಸದ್ದು ಮಾಡದೆ ಮತ್ತೆ ಹತ್ತಿ ಬಂದು, ಮೂರುಮಡಿಕೆಯನ್ನು ಬಾಗಿಲ ಹಿಂದಕ್ಕೆ ಎಳೆದುಕೊಂಡು ಪಿಸುಗುಟ್ಟಿದರು: “ಮೂರನೇ ಮಹಡಿಯವನು ಬೆಳಗಾದರೆ ಕುರ್ಚಿ ಎಳೆದು ನನ್ನ ನಿದ್ದೆ ಕೆಡಿಸ್ತಾನೆ. ಒಂದು ಚಿಕ್ಕದು ಕಟ್ಟಿಕೊಡು. ಸಾಯೋದು ಬೇಡ. ಕಾಲು ಊದಿದರೆ ಸಾಕು.”

“ಯಜಮಾನರೇ, ಇದು ಮೀನಿಗೆ.”

“ಗೊತ್ತು ಗೊತ್ತು. ಎಲ್ಲರಿಗೂ ಹಾಗೇ ಹೇಳು,” ಎಂದು ಅವರು ಕಣ್ಣು ಮಿಟುಕಿಸಿದರು.

ಅಲ್ಲಿಂದ ಮೂರುಮಡಿಕೆಯ ಸಂಸಾರದಲ್ಲಿ ಅದ್ಭುತಗಳು ನಡೆಯತೊಡಗಿದವು. ಮದುವೆಯಾದಾಗಿನಿಂದ ಅವನನ್ನು “ಇವನು” ಎಂದು ಕರೆಯುತ್ತಿದ್ದ ಅತ್ತೆ, “ಅಳಿಯಂದಿರು ಊಟಕ್ಕೆ ಏಳಬೇಕು” ಎಂದರು. ಹಾಲಿನವನು ಹಾಲಿಗೆ ನೀರು ಬೆರೆಸುವುದನ್ನು ನಿಲ್ಲಿಸಿದ. ಬಸ್ಸಿನಲ್ಲಿ ಕಂಡಕ್ಟರ್ ಅವನಿಗೆ ಸೀಟು ಬಿಡಿಸಿ ಕೊಟ್ಟ. ಯಾರು ಕೇಳಿದರೂ ಮೂರುಮಡಿಕೆ, ಇದು ಮೀನಿನ ಗಾಳ, ಮೀನಿನ ಗಾಳ ಎಂದು ಗಂಟಲು ಒಣಗಿಸಿಕೊಂಡು ಹೇಳಿದ. ಹೇಳಿದಷ್ಟೂ ಜನ, ಪಾಪ ಎಷ್ಟು ಆಳದ ಮನುಷ್ಯ ಎಂದುಕೊಂಡರು.

ಹೆಂಡತಿ ಮಾತ್ರ ನಂಬಲಿಲ್ಲ. “ನನ್ನ ಗಂಡನಿಗೆ ಮಾಟ ಮಾಡೋಕೆ ಬಂದಿದ್ದರೆ ಮೊದಲು ಆ ನಲ್ಲಿ ರಿಪೇರಿ ಆಗಿರ್ತಿತ್ತು,” ಎಂದಳು.

ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಅವನು ಡಬ್ಬಿ ತೆರೆದು ಕೂರುತ್ತಿದ್ದ. ಸ್ಪ್ರಿಂಗಕ್ಕ ಬಂದು ಹೆಗಲ ಮೇಲಿಂದ ಇಣುಕಿದಳು.

“ಇದೇನಾ ಆ ಮಾಟ?”

“ಅಕ್ಕಾ, ನೀವೂ ಶುರು ಮಾಡಿದ್ರಾ? ಮೀನಿಗೆ ಕಟ್ಟೋದು ಇದು.”

“ಕಾಣುತ್ತಪ್ಪ, ನನಗೇನು ಕಣ್ಣಿಲ್ವಾ. ಗಂಟು ಸಡಿಲ ಹಾಕಿದ್ದೀಯ, ಕೊಡು ಇತ್ಲಾಗೆ.” ದಿನವೆಲ್ಲ ಸೂಜಿಮೊನೆಯಷ್ಟು ಸ್ಪ್ರಿಂಗಿನ ಜೊತೆ ಗುದ್ದಾಡುವ ಬೆರಳು ಅವಳದು. ಎರಡು ಸುತ್ತು, ಒಂದು ಬಿಗಿತ. ಹುಸಿಹುಳ ಅವಳ ಉಗುರಿನ ಮೇಲೆ ಈಗಲೋ ಆಗಲೋ ಹಾರುವಂತೆ ಕೂತಿತು. ಅದನ್ನು ನೋಡಿ ಅಂಟಿನವನು ಬಂದ, ಮೊಳೆಯವಳು ಬಂದಳು, ಹಿಡಿಕೆಯವನು ಬಂದ. ರಜೆ ಕಳೆದುಕೊಂಡವರ ಕೈಗೆ ಏನಾದರೊಂದು ಬೇಕಾಗಿತ್ತು. ಕೆಲವೇ ದಿನದಲ್ಲಿ ಇಡೀ ಕಡ್ಡಿ ವಿಭಾಗ ಬುತ್ತಿ ಮುಗಿಸಿ, ತಲೆ ತಗ್ಗಿಸಿ, ಮಾತಿಲ್ಲದೆ ಕೊಕ್ಕೆಗೆ ಕೆಂಪು ದಾರ ಸುತ್ತತೊಡಗಿತು.

ಗಾಜಿನ ಕೋಣೆಯೊಳಗಿಂದ ಸೂಪರ್‌ವೈಸರ್ ಇದನ್ನು ನೋಡುತ್ತಿದ್ದರು. ಕ್ಷೌರದಂಗಡಿಯ ಸುದ್ದಿ ಅವರಿಗೆ ಮುಟ್ಟಿತ್ತು. ಮುಟ್ಟಿದ ದಿನವೇ ದವಡೆ ನೋಯತೊಡಗಿತ್ತು. ಮರುದಿನ ಸ್ಟೂಲಿನಿಂದ ಜಾರಿದರು. ಅದರ ಮಾರನೆಯ ದಿನ ಅವರ ಚಹಾದಲ್ಲಿ ಒಂದು ಪುಕ್ಕ ತೇಲಿತು. ಅದು ಸ್ಪ್ರಿಂಗಕ್ಕನ ಕೈಯಿಂದ ಗಾಳಿಗೆ ಹಾರಿ ಬಂದದ್ದೆಂದು ಅವಳು ಹೇಳುತ್ತಾಳೆ, ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಇನ್ನು ಒಂದು ಕೂದಲೂ ಶತ್ರುವಿನ ಕೈಗೆ ಸಿಗಬಾರದೆಂದು ಅವರು ತಲೆ ಬೋಳಿಸಿಕೊಂಡು, ಕೂದಲನ್ನು ಸ್ವತಃ ಚೀಲಕ್ಕೆ ತುಂಬಿ ಮನೆಗೊಯ್ದು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಒಂದು ಸಂಜೆ ಮೂರುಮಡಿಕೆಯ ಮನೆಯ ಬಾಗಿಲು ಬಡಿಯಿತು. ಕಿವಿಯವರೆಗೆ ಟೋಪಿ ಎಳೆದುಕೊಂಡು, ಕೈಯಲ್ಲಿ ಹಣ್ಣಿನ ಚೀಲ ಹಿಡಿದು ಸೂಪರ್‌ವೈಸರ್ ನಿಂತಿದ್ದರು. ಅತ್ತೆ ಕುರ್ಚಿಯನ್ನು ಅವರಿಗೆ ಹಾಕದೆ ಅಳಿಯನಿಗೆ ಹಾಕಿದರು. ಸೂಪರ್‌ವೈಸರ್ ನಿಂತೇ ಇದ್ದರು.

“ನನ್ನ ಕೂದಲು ನಿನ್ನ ಹತ್ತಿರ ಇದೆಯಂತೆ,” ಎಂದರು.

“ಇದೆ ಸಾರ್. ಬಹಳ ಒಳ್ಳೇ ಕೂದಲು,” ಎಂದ ಮೂರುಮಡಿಕೆ.

“ಏನು ಮಾಡಿದ್ದೀಯ ಅದನ್ನ?”

“ಕೊಕ್ಕೆಗೆ ಕಟ್ಟಿದ್ದೀನಿ ಸಾರ್.”

ಸೂಪರ್‌ವೈಸರ್ ದವಡೆಯನ್ನು ಹಿಡಿದುಕೊಂಡರು. “ಎಷ್ಟು ಕೊಕ್ಕೆಗೆ?”

“ಲೆಕ್ಕ ಇಟ್ಟಿಲ್ಲ ಸಾರ್. ಸಂಜೆ ಹೊತ್ತು ಹೋಗಬೇಕಲ್ಲ, ಕಟ್ಟುತ್ತಾ ಇರ್ತೀನಿ.”

“ವಿಭಾಗದಲ್ಲಿ ಅವರೆಲ್ಲ ಏನು ಕಟ್ಟುತ್ತಿದ್ದಾರೆ?”

“ಇದೇ ಸಾರ್. ಎಲ್ಲರಿಗೂ ಕಲಿಸಿದ್ದೀನಿ. ಸ್ಪ್ರಿಂಗಕ್ಕ ನನಗಿಂತ ಬಿಗಿಯಾಗಿ ಕಟ್ಟುತ್ತಾರೆ.”

“ಇದು… ಇದು ಯಾವಾಗ ನಿಲ್ಲುತ್ತೆ?”

ಮೂರುಮಡಿಕೆ ಯೋಚಿಸಿದ. ಮೇಲಧಿಕಾರಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂಬುದು ಅವನ ಸ್ವಭಾವ. “ರಜೆ ಸಿಕ್ಕಿದ್ದರೆ ಯಾವಾಗಲೋ ನದಿಗೆ ಹೋಗಿ ನೀರಿಗೆ ಬಿಟ್ಟು ಬಂದುಬಿಡ್ತಿದ್ದೆ ಸಾರ್. ನೀವು ರದ್ದು ಮಾಡಿದ್ರಲ್ಲ. ಅದಕ್ಕೇ ಮನೆಯಲ್ಲಿ ಕೂತು ಕಟ್ಟುತ್ತಾ ಇದ್ದೀನಿ. ಇನ್ನೂ ರಜೆ ಇಲ್ಲ ಅಂದ್ರೆ ಇನ್ನೂ ಕಟ್ಟುತ್ತೀನಿ.”

ಒಳಗಿಂದ ಪಾತ್ರೆ ಬಿದ್ದ ಸದ್ದಾಯಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. “ರದ್ದು ಮಾಡಿದ್ರಾ? ಮುಂದಕ್ಕೆ ಹಾಕಿಸಿಕೊಂಡೆ ಅಂದ್ರಲ್ಲ ನೀವು?”

ಮೂರುಮಡಿಕೆ ಕುರ್ಚಿಯ ಮೇಲೆ ಕೂತಲ್ಲೇ ಸಾಧ್ಯವಿದ್ದಷ್ಟು ಕಡೆ ಮಡಿಸಿಕೊಂಡ.

“ರಜೆ ಇಲ್ಲ ಅಂತ ಒಂದು ಮಾತು ಹೇಳೋದಕ್ಕೆ ಇಷ್ಟೊಂದು ಕೋಳಿ ಪುಕ್ಕ ಬೇಕಿತ್ತಾ?” ಎಂದಳು ಹೆಂಡತಿ. ಆಮೇಲೆ ಸೂಪರ್‌ವೈಸರ್ ಕಡೆ ತಿರುಗಿದಳು. ಅವರ ಟೋಪಿ, ಅವರ ದವಡೆ, ಅವರ ಹಣ್ಣು, ಮೂರನ್ನೂ ನೋಡಿದಳು. ಇಸ್ತ್ರಿ ಅಂಗಡಿಯಲ್ಲಿ ಸುಕ್ಕು ಎಲ್ಲಿದೆಯೆಂದು ನೋಡಿದೊಡನೆ ತಿಳಿಯುವ ಕಣ್ಣು ಅದು.

“ಸಾರ್, ಇವರು ಒಬ್ಬರಿಗೆ ರಜೆ ಕೊಟ್ಟು ಏನು ಪ್ರಯೋಜನ? ಇವರು ಬಿಟ್ಟು ಬರ್ತಾರೆ. ಉಳಿದವರು ಕಟ್ಟುತ್ತಾನೇ ಇರ್ತಾರಲ್ಲ,” ಎಂದಳು.

“ಹೌದಲ್ಲ,” ಎಂದು ಮೂರುಮಡಿಕೆಯೂ ತಲೆಯಾಡಿಸಿದ.

ಮಾರನೆಯ ಬೆಳಿಗ್ಗೆ ಫಲಕದ ಮೇಲೆ, ಕಡ್ಡಿ ವಿಭಾಗದ ಎಲ್ಲರಿಗೂ ಬರುವ ಸೋಮವಾರದಿಂದ ವರ್ಷದ ರಜೆ ಎಂದು ಸೂಪರ್‌ವೈಸರ್ ಸಹಿಯ ನೋಟೀಸು ಬಿತ್ತು. ಸ್ಪ್ರಿಂಗಕ್ಕ ಅದರ ಮುಂದೆ ನಿಂತು ಎರಡು ಸಲ ಓದಿಸಿಕೊಂಡಳು. ಹಿಂದೆ ವಿಭಾಗದವರು ಅದೇ ಸೂಪರ್‌ವೈಸರ್ ಎದುರು ಕಾರಣ ಹೇಳಿದ್ದರು, ಅತ್ತಿದ್ದರು, ಎಲ್ಲರ ಸಹಿ ಹಾಕಿದ ಮನವಿ ಕೊಟ್ಟಿದ್ದರು. ಯಾವುದಕ್ಕೂ ಅಲುಗದ ರಜೆ ಹುಂಜದ ಪುಕ್ಕಕ್ಕೆ ಅಲುಗಿತ್ತು. ಇದಕ್ಕೆ ನಗಬೇಕೋ ಉಗಿಯಬೇಕೋ ಎಂದು ವಿಭಾಗದಲ್ಲಿ ಚರ್ಚೆ ನಡೆಯಿತು. ಮೊದಲು ಹೋಗಿ ಬರೋಣ, ಆಮೇಲೆ ಉಗಿಯೋಣ ಎಂದು ತೀರ್ಮಾನವಾಯಿತು.

ಅಷ್ಟರಲ್ಲಿ ಮ್ಯಾನೇಜರ್ ತಮ್ಮ ರಜೆ ಮುಗಿಸಿ ಬಂದರು.

ಬಿಸಿಲಿಗೆ ಮುಖ ಕೆಂಪಾಗಿ, ವಿಶ್ರಾಂತಿ ಪಡೆದು ಉಬ್ಬಿದ ಮನುಷ್ಯ. ಫಲಕ ನೋಡಿದರು. ಸೂಪರ್‌ವೈಸರ್ ಅವರ ಬೋಳು ತಲೆ ನೋಡಿದರು. ವಿಷಯ ಕೇಳಿದರು. ಕೇಳಿ, ಡಬ್ಬಿಯನ್ನೂ ಕೊಡೆಯ ಚೀಲವನ್ನೂ ತರಿಸಿದರು. ಡಬ್ಬಿ ತೆರೆದ ಕೂಡಲೇ ಅವರ ಮುಖ ಬೆಳಗಿತು.

“ಇದು ಗಾಳ ಕಣ್ರೀ! ನಾನು ರಜೆಯಲ್ಲಿ ದಿನಾ ಹಿಡಿದು ನಿಂತಿದ್ದು ಇಂಥದ್ದನ್ನೇ!” ಕೊಡೆಯ ಚೀಲದಿಂದ ತುಂಡುಗಳನ್ನು ತೆಗೆದು ಒಂದರೊಳಗೊಂದು ಸಿಕ್ಕಿಸಿ, ಕೋಲನ್ನು ಗಾಳಿಯಲ್ಲಿ ಬೀಸಿದರು. ಅದು ಬಾಗಿ, ನೆಟ್ಟಗಾಗಿ, ಸುಯ್ ಎಂದಿತು. “ಎಷ್ಟು ಹಗುರ! ಎಷ್ಟು ಚಿಕ್ಕದು! ನಾನು ಪೆಟ್ಟಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗ್ತೀನಲ್ಲಪ್ಪ!”

“ಸಾರ್, ಅದರಲ್ಲಿ ನನ್ನ ಕೂದಲಿದೆ,” ಎಂದರು ಸೂಪರ್‌ವೈಸರ್.

“ಇರಲಿ ಬಿಡ್ರೀ, ಮೀನು ಆರಿಸಿ ತಿನ್ನಲ್ಲ. ರಜೆ ರದ್ದು ಅಂತ ಬರೆದು ಸಹಿ ಹಾಕಿ.”

ಸೂಪರ್‌ವೈಸರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನೀವೇ ಹಾಕಿ ಸಾರ್.”

ಇದು ಆಗದ ಮಾತು. ರಜೆ ಕಿತ್ತುಕೊಂಡ ಕಾಗದದ ಮೇಲೆ ಮ್ಯಾನೇಜರ್ ಸಹಿ ಇರಕೂಡದೆಂಬುದು ಆ ಕಾರ್ಖಾನೆಯ ಹಳೆಯ ಕ್ರಮ. ನಾಳೆ ಯಾರಾದರೂ ಮೇಲಿನವರು ಕೇಳಿದರೆ, ನನಗೆ ಗೊತ್ತೇ ಇರಲಿಲ್ಲ ಎನ್ನಲು ಒಬ್ಬರಾದರೂ ಇರಬೇಕಲ್ಲ. ಸೂಪರ್‌ವೈಸರನ್ನು ಇಟ್ಟುಕೊಂಡದ್ದೇ ಅದಕ್ಕೆ.

“ಏನ್ರೀ, ಓದಿದವರು ನೀವು! ಇದು ಗಾಳ ಅಂತ ನಾನು ಹೇಳ್ತಾ ಇಲ್ವಾ?”

“ನೀವು ಹೇಳಿದರೆ ಹೇಗೆ ಸಾರ್? ಕಟ್ಟಿದವನು ಹೇಳಬೇಕು. ಎಲ್ಲರ ಎದುರಿಗೆ ಹೇಳಬೇಕು. ನನ್ನ ಮೇಲೆ ಏನೂ ಮಾಡಿಲ್ಲ, ಇದು ಬರೀ ಮೀನಿಗೆ ಅಂತ ಅವನ ಬಾಯಿಂದ ಬಂದರೆ ಈಗಲೇ ಸಹಿ ಹಾಕ್ತೀನಿ.”

“ಇಷ್ಟೇನಾ!” ಎಂದು ಮ್ಯಾನೇಜರ್ ನಕ್ಕು, ಯಂತ್ರಗಳನ್ನು ನಿಲ್ಲಿಸಲು ಹೇಳಿದರು. ಮ್ಯಾನೇಜರ್ ಬಂದರೆ ಓಡಬೇಕಾದ ಯಂತ್ರಗಳು ಅವರ ಮಾತಿಗೇ ನಿಂತವು. ಕಡ್ಡಿ ವಿಭಾಗದವರು ಬೆಂಚುಗಳ ಹಿಂದೆ ಎದ್ದು ನಿಂತರು. ಮೂರುಮಡಿಕೆಯನ್ನು ಮುಂದಕ್ಕೆ ಕರೆದರು. ಅವನು ಬಂದ. ಮ್ಯಾನೇಜರ್ ಅವನ ಹೆಗಲ ಮೇಲೆ ಕೈ ಹಾಕಲು ಹೋಗಿ, ಎಟುಕದೆ, ಮೊಣಕೈ ಹಿಡಿದುಕೊಂಡರು.

“ನೋಡಪ್ಪಾ, ಎಂಥ ಕೈ ನಿನ್ನದು! ಮುಂದಿನ ಸಲ ನಾನು ನದಿಗೆ ಹೋಗುವಾಗ ನೀನೂ ಬಾ. ನಿನ್ನ ರಜೆ ನಾನು ನೋಡಿಕೊಳ್ತೀನಿ, ಹೆಂಡತೀನೂ ಕರಕೊಂಡು ಬಾ. ಈಗ ಇವರಿಗೆ ಹೇಳಿಬಿಡು, ಇದು ಏನು ಅಂತ.”

ಮೂರುಮಡಿಕೆಗೆ ಸಂತೋಷವಾಯಿತು. ಎಷ್ಟೋ ದಿನದಿಂದ ಕಂಡಕಂಡವರಿಗೆಲ್ಲ ಹೇಳುತ್ತ ಬಂದ ಮಾತನ್ನು ಕೊನೆಗೂ ಒಬ್ಬರು ಕೇಳಿದರು, ಅದೂ ಮ್ಯಾನೇಜರು, ಅದೂ ಎಲ್ಲರ ಎದುರಿಗೆ. ಅವನು ಗಂಟಲು ಸರಿಮಾಡಿಕೊಂಡ. ಸೂಪರ್‌ವೈಸರ್ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ಕೈಯಲ್ಲಿ, ವಿಭಾಗದ ರಜೆ ರದ್ದು ಎಂದು ಬರೆದು ಸಿದ್ಧವಾದ ಕಾಗದವಿತ್ತು. ಕಾಗದವನ್ನು ಕಂಡಮೇಲೆ ಮೂರುಮಡಿಕೆಯ ಬಾಯಿ, ತೆರೆದದ್ದು, ತೆರೆದ ಹಾಗೇ ನಿಂತಿತು. ಅವನ ತಲೆಯೊಳಗೆ ಯಾವುದೇ ವಿಷಯ ನಿಧಾನವಾಗಿಯೇ ಹೋಗುತ್ತದೆ, ಅಷ್ಟು ಎತ್ತರ ಹತ್ತಬೇಕಲ್ಲ, ಆದರೆ ಹತ್ತಿತು.

“ಹೇಳಪ್ಪಾ. ಇದು ಮೀನಿನ ಗಾಳ ಅಂತ ಹೇಳು,” ಎಂದರು ಮ್ಯಾನೇಜರ್.

ಮೂರುಮಡಿಕೆ ಬಾಯಿ ಮುಚ್ಚಿದ.

“ಮೀನಿನ ಗಾಳ ತಾನೆ ಇದು?”

ಬೆಂಚಿನ ಹಿಂದೆ ಯಾರೋ ಕೆಮ್ಮಿದರು. ಸ್ಪ್ರಿಂಗಕ್ಕ ಕೆಮ್ಮಿದವರ ಕಾಲು ತುಳಿದಳು.

“ಏಯ್, ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೀಯಂತೆ! ಈಗ ನಾನು ಕೇಳ್ತಾ ಇದ್ದೀನಿ, ಹೇಳೋಕೇನು ನಿನಗೆ ಧಾಡಿ? ಸುಳ್ಳು ಹೇಳು ಅಂತ ಅನ್ನುತ್ತಾ ಇದ್ದೀನಾ? ನಿಜ ಹೇಳು ಅಂತ ತಾನೆ ಹೇಳ್ತಾ ಇರೋದು?”

“ಹೌದು ಸಾರ್,” ಎಂದ ಮೂರುಮಡಿಕೆ.

“ಮತ್ತೆ? ಹೇಳು.”

ಸೂಪರ್‌ವೈಸರ್ ಪೆನ್ನು ಕಾಗದದ ಮೇಲೆ ಬಂದು ನಿಂತಿತ್ತು. ಅದರ ತುದಿಯಲ್ಲಿ ಶಾಯಿ ಒಂದು ಚಿಕ್ಕ ಚುಕ್ಕೆಯಾಗಿ ಹರಡುತ್ತಿತ್ತು. ಮೂರುಮಡಿಕೆ ಆ ಚುಕ್ಕೆಯನ್ನು ನೋಡಿದ, ಮ್ಯಾನೇಜರ್ ಮುಖ ನೋಡಿದ.

“ಹೇಳಲ್ಲ ಸಾರ್,” ಎಂದ.